ಹಿತ್ತಲಲ್ಲಿ ಸಿಕ್ಕ ಹಳೇ ಸೀಸೆ: ತೊಳೆಯುವ ಮೊದಲು ಓದಿ

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಹಳೇ ಕೊಟ್ಟಿಗೆ ಕೆಡವಿ ಪಾಯ ತೆಗೆಯುವಾಗ, ಮೊದಲು ಗೊಬ್ಬರಗುಂಡಿ ಇದ್ದ ಜಾಗದಲ್ಲಿ ಹನ್ನೊಂದು ಗಾಜಿನ ಬಾಟಲಿ ಸಿಕ್ಕವು. ನಾಲ್ಕು ಗೋಲಿ ಸೋಡಾದವು. ಒಂದು ಕಡುನೀಲಿ, ಆರು ಮೂಲೆಯದು, ಮೈಮೇಲೆ ಉದ್ದುದ್ದ ಗೀರು. ಒಂದು ಚೌಕದ್ದು, ಕಪ್ಪು. ಉಳಿದ ಐದು ಔಷಧಿಯವು ಇರಬೇಕು. ಅದರಲ್ಲೊಂದಕ್ಕೆ ಬೂಚು ಹಾಗೇ ಇದೆ, ಒಳಗೆ ಏನೋ ದ್ರವವೂ ಇದೆ. ಒಂದು ಗೋಲಿ ಬಾಟಲಿಯನ್ನು ಕುದಿಯುವ ನೀರಿಗೆ ಹಾಕಿದೆ, ಟಪ್ ಅಂತ ಒಡೆಯಿತು. ಇನ್ನೊಂದನ್ನು ಟಾಯ್ಲೆಟ್ ಆಸಿಡ್ ಹಾಕಿ ತಿಕ್ಕಿದರೂ ಬಿಳಿ ಪೊರೆ ಹೋಗಲಿಲ್ಲ. ಇವನ್ನು ತೊಳೆಯೋದು ಹೇಗೆ? ಎಷ್ಟು ಹಳೆಯವು? ಬೆಲೆ ಏನಾದರೂ ಬರುತ್ತದಾ?

ಉತ್ತರ:

ದ್ರವ ಇರುವ ಬಾಟಲಿಯಿಂದಲೇ ಶುರು ಮಾಡೋಣ. ಉಳಿದವು ಕಾಯುತ್ತವೆ. ಅದರ ಬೂಚು ತೆಗೆಯಬೇಡಿ, ಮೂಸಿಯೂ ನೋಡಬೇಡಿ. "ಹಳೇ ಬ್ರಾಂದಿ ಇರಬಹುದು ಮಾರಾಯ್ರೆ" ಅಂತ ಮನೆಗೆ ಬಂದವರು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರ ಕೈಗೂ ಕೊಡಬೇಡಿ. ಹಿಂದೆ ಮನೆಮನೆಯಲ್ಲಿ ಕಾರ್ಬಾಲಿಕ್ ಆಸಿಡ್ ಇರುತ್ತಿತ್ತು. ಆಮೇಲೆ ಎಂಡ್ರಿನ್‌ನಂಥ ಕೀಟನಾಶಕ ಬಂತು. ಸುಟ್ಟಗಾಯಕ್ಕೆ ಪಿಕ್ರಿಕ್ ಆಸಿಡ್ ಹಚ್ಚುವ ಪದ್ಧತಿಯೂ ಇತ್ತು. ಅದು ಒಣಗಿದರೆ ಬರೀ ತಿಕ್ಕಾಟಕ್ಕೇ ಸಿಡಿಯುವ ವಸ್ತು. ಬೂಚಿನ ಸುತ್ತ ಹಳದಿ ಹರಳು ಕಂಡರೆ ಬಾಟಲಿಯನ್ನು ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸಿ. ಹರಳು ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮರಳು ಹಾಕಿ ನೆಟ್ಟಗೆ ನಿಲ್ಲಿಸಿ, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ. ಚರಂಡಿಗೆ, ಗದ್ದೆಗೆ ಸುರಿಯಬೇಡಿ. ಬಾವಿ ಹತ್ತಿರವಂತೂ ಬೇಡವೇ ಬೇಡ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ಮೊದಲು ಫೋಟೊ ತೋರಿಸಿ. ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಹೋಗಬೇಡಿ.

ಇನ್ನು ಉಳಿದವು. ನಿಮ್ಮ ಮೊದಲ ಪ್ರಶ್ನೆ ತೊಳೆಯೋದು ಹೇಗೆ ಅಂತ. ನನ್ನ ಉತ್ತರ: ಸದ್ಯಕ್ಕೆ ತೊಳೆಯಬೇಡಿ. ಬಾಟಲಿ ಎಷ್ಟು ಹಳೆಯದು ಅಂತ ಹೇಳುವ ಗುರುತುಗಳಲ್ಲಿ ಅರ್ಧ ಕೊಳೆಯ ಜೊತೆಗೇ ಇರುತ್ತವೆ. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಕಾರವಾರದ ಕೋಡಿಬಾಗದಲ್ಲಿ ಒಂದು ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ನನಗೊಂದು ಔಷಧಿ ಬಾಟಲಿ ಸಿಕ್ಕಿತ್ತು. ಮಸಿ ಹಿಡಿದು ಕರ್ರಗಿತ್ತು. ಖುಷಿಯಲ್ಲಿ ರಾತ್ರಿಯಿಡೀ ಸೋಪಿನ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಬಕೆಟ್ಟಿನ ತಳದಲ್ಲಿ ಹಳದಿ ಕಾಗದದ ಮುದ್ದೆ. ಮಸಿಯ ಅಡಿಯಲ್ಲಿ ಲೇಬಲ್ ಇತ್ತು. ಅಂಗಡಿಯ ಹೆಸರು, ಪ್ರಾಯಶಃ ತಾರೀಖೂ ಅದರಲ್ಲಿತ್ತು. ಈಗ ನನ್ನ ಹತ್ತಿರ ಫಳಫಳ ಹೊಳೆಯುವ, ಹೆಸರಿಲ್ಲದ ಒಂದು ಬಾಟಲಿ ಇದೆ.

ಹಾಗಾಗಿ ಮೊದಲು ಪ್ರತಿಯೊಂದಕ್ಕೂ ನಂಬರ್ ಕೊಡಿ. ಯಾವುದು ಎಷ್ಟು ಆಳದಲ್ಲಿ, ಯಾವುದರ ಪಕ್ಕ ಸಿಕ್ಕಿತು ಅಂತ ನೆನಪಿದ್ದಷ್ಟು ಬರೆದಿಡಿ. ಜೊತೆಗೆ ಸಿಕ್ಕ ಹಂಚಿನ ಚೂರು, ಪಿಂಗಾಣಿ ಚೂರು, ಕಾಸು ಏನಿದ್ದರೂ ಎಸೆಯಬೇಡಿ. ಕೆಳಗಿದ್ದ ಬಾಟಲಿ ಮೇಲಿದ್ದದ್ದಕ್ಕಿಂತ ಮೊದಲೇ ಬಿದ್ದಿರುತ್ತದೆ, ಗುಂಡಿಯನ್ನು ಯಾರೂ ಮಗುಚಿಲ್ಲದಿದ್ದರೆ. ಗೊಬ್ಬರಗುಂಡಿಯನ್ನು ವರ್ಷವರ್ಷ ಮಗುಚುತ್ತಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಬರೆದಿಡಿ.

ಈಗ ಬಾಟಲಿ ಓದೋಣ. ಓದೋದು ಕಣ್ಣಿಗಿಂತ ಜಾಸ್ತಿ ಬೆರಳಿನಿಂದ.

ಔಷಧಿ ಬಾಟಲಿಯೊಂದನ್ನು ಕೈಗೆ ತಗೊಳ್ಳಿ. ಹೆಬ್ಬೆರಳಿನ ಉಗುರನ್ನು ಬದಿಯಲ್ಲಿ ತಳದಿಂದ ಮೇಲಕ್ಕೆ ನಿಧಾನ ಎಳೆಯಿರಿ. ಕೂದಲಷ್ಟು ಸಣ್ಣ ಉಬ್ಬು ಗೆರೆಯೊಂದು ಸಿಗುತ್ತದೆ. ಎರಡು ತುಂಡಿನ ಅಚ್ಚು ಕೂಡಿದ ಗುರುತು ಅದು. ಆ ಗೆರೆ ಎಲ್ಲಿಯವರೆಗೆ ಹೋಗುತ್ತದೆ ಅನ್ನೋದೇ ಪ್ರಶ್ನೆ. ಕೊರಳಿನ ಮೇಲೆ, ಬಾಯಿಗೆ ಸ್ವಲ್ಪ ಕೆಳಗೆ ಗೆರೆ ಮಾಯವಾದರೆ ಬಾಯಿಯನ್ನು ಕೈಯಿಂದ ಮುಗಿಸಿದ್ದಾರೆ ಅಂತ. ಅಂದರೆ ಕೆಲಸಗಾರ ಊದುಗೊಳವೆಯಿಂದ ಅಚ್ಚಿನೊಳಗೆ ಊದಿ, ಆಮೇಲೆ ಬಾಯಿಯ ಗಾಜನ್ನು ಮತ್ತೆ ಕಾಯಿಸಿ ಉಪಕರಣದಿಂದ ತಿರುಗಿಸಿ ತಿದ್ದಿದ್ದಾನೆ. ಗೆರೆ ಬಾಯಿಯ ತುದಿ ಹತ್ತಿ ಆಚೆ ಇಳಿದರೆ ಅದು ಯಂತ್ರದ ಬಾಟಲಿ. ಅಮೆರಿಕದ ಮೈಕೆಲ್ ಓವೆನ್ಸ್ ಪೂರ್ತಿ ತಾನೇ ನಡೆಯುವ ಬಾಟಲಿ ಯಂತ್ರ ಮಾಡಿದ್ದು 1903ರಲ್ಲಿ. ಅದು ಲೋಕಕ್ಕೆಲ್ಲ ಹರಡಲು ವರ್ಷಗಳು ಬೇಕಾದವು. ನಮ್ಮಲ್ಲಂತೂ ಕೈಯಿಂದ ಊದುವುದು ಬಹಳ ಕಾಲ ನಡೆದೇ ಇತ್ತು. ಹಾಗಾಗಿ ಗೆರೆ ಬಾಯಿಯವರೆಗೆ ಬಂದಿದ್ದರೆ ಬಹುಮಟ್ಟಿಗೆ 1903ಕ್ಕೆ ಈಚಿನದು ಅಂತ ಹೇಳಬಹುದು. ಬಂದಿಲ್ಲ ಅಂದಮಾತ್ರಕ್ಕೆ ಆಚಿನದು ಅಂತ ಹೇಳಲಾಗದು.

ಗೋಲಿ ಬಾಟಲಿಗೆ ಈ ಲೆಕ್ಕ ನಡೆಯೋದೇ ಇಲ್ಲ. ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ಗೋಲಿಯನ್ನು ಒಳಗೆ ಬಿಟ್ಟ ಮೇಲೇ ಬಾಯಿ ಮುಚ್ಚಿ ತಿದ್ದಬೇಕು, ರಬ್ಬರ್ ರಿಂಗ್ ಕೂರಲು ಒಳಗಡೆ ಸುತ್ತಲೂ ಒಂದು ತೋಡು ಮಾಡಬೇಕು. ಹಾಗಾಗಿ ತೀರಾ ಈಚಿನ ಗೋಲಿ ಬಾಟಲಿಗೂ ಕೈಯಲ್ಲಿ ತಿದ್ದಿದ ಬಾಯಿಯೇ ಇರುತ್ತದೆ. ಇಂಗ್ಲೆಂಡಿನ ಹಿರಮ್ ಕಾಡ್ ಇದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ. ಅಲ್ಲಿ ಅದು ಹೋಗಿ ಎಷ್ಟೋ ಕಾಲವಾಯಿತು, ನಮ್ಮಲ್ಲಿ ಇವತ್ತಿಗೂ ಇದೆ. ಬೀಚ್ ಹತ್ತಿರ ಒಬ್ಬರು ನನಗೆ "ಟಾಗೋರರು ಕಾರವಾರದಲ್ಲಿದ್ದಾಗ ಕುಡಿದ ಸೋಡಾ ಬಾಟಲಿ" ಅಂತ ಒಂದನ್ನು ತೋರಿಸಿದ್ದರು. ಟಾಗೋರರು ಬಂದದ್ದು 1882-83ರ ಹೊತ್ತಿಗೆ, ಗೋಲಿ ಬಾಟಲಿಗೆ ಆಗ ಸುಮಾರು ಹತ್ತು ವರ್ಷ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬಾಟಲಿ ಮೈಮೇಲೆ ಉತ್ತರ ಪ್ರದೇಶದ ಸಾಸನಿ ಕಾರ್ಖಾನೆಯ ಹೆಸರಿತ್ತು. ನಿನ್ನೆ ಮೊನ್ನೆಯ ಮಾಲು.

ಹಾಗಾದರೆ ಗೋಲಿ ಬಾಟಲಿಯ ವಯಸ್ಸು ಹೇಗೆ? ಉಬ್ಬಕ್ಷರದಿಂದ. ಅಕ್ಷರ ಸವೆದಿದ್ದರೆ ಮೇಲೆ ತೆಳು ಕಾಗದ ಇಟ್ಟು ಮೆತ್ತನೆ ಪೆನ್ಸಿಲಿನಿಂದ ಅಡ್ಡಡ್ಡ ತಿಕ್ಕಿ. ನಾಣ್ಯದ ಮೇಲೆ ಮಕ್ಕಳು ತಿಕ್ಕುತ್ತಾರಲ್ಲ, ಹಾಗೆ. ಇಲ್ಲವೇ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮಗ್ಗುಲಲ್ಲಿ ಹಿಡಿಯಿರಿ, ಕಾಣದ ಅಕ್ಷರ ಎದ್ದು ಬರುತ್ತದೆ. ತಳವನ್ನೂ ನೋಡಿ. ಡ್ಯಾನ್ ರೈಲಂಡ್ಸ್, ಬಾರ್ನ್ಸ್ಲಿ ಅಂತ ಇಂಗ್ಲಿಷಿನಲ್ಲಿ ಇದ್ದರೆ ಅದು ಇಂಗ್ಲೆಂಡಿನಿಂದ ಬಂದದ್ದು, ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿನದು. ಅಂಥದ್ದು ಸಿಕ್ಕರೆ ನಿಮ್ಮ ಗುಂಡಿಯ ಒಳ್ಳೆಯ ಬಾಟಲಿ ಅದೇ.

ನಮ್ಮ ಜಿಲ್ಲೆಯ ಬಾಟಲಿ ಹುಡುಕುವಾಗ ಒಂದು ಮಾತು ನೆನಪಿಡಿ. ನಾವು 1862ರವರೆಗೆ ಮದ್ರಾಸ್ ಆಡಳಿತದವರು, ಅಲ್ಲಿಂದ 1956ರವರೆಗೆ ಮುಂಬೈ ಆಡಳಿತದವರು. ಸಾಮಾನು ಸರಂಜಾಮು ಮುಂಬೈಯಿಂದ ಹಡಗಿನಲ್ಲೇ ಕಾರವಾರಕ್ಕೆ, ಕುಮಟೆಗೆ ಬರುತ್ತಿತ್ತು. ಹಾಗಾಗಿ ನಿಮ್ಮ ಬಾಟಲಿಯ ಹೆಸರನ್ನು ಬೆಂಗಳೂರು, ಮೈಸೂರಿನ ಕಡೆ ಹುಡುಕಿದರೆ ಸಿಗೋದು ಕಡಿಮೆ. ಮುಂಬೈಯಲ್ಲಿ ಹುಡುಕಿ. ಔಷಧಿಗೆ ಅಲ್ಲಿ ಕೆಂಪ್, ಟ್ರೀಚರ್ ಅಂತ ಹೆಸರಾದ ಅಂಗಡಿಗಳಿದ್ದವು, ಸೋಡಾಕ್ಕೆ 1889ರಲ್ಲಿ ಶುರುವಾದ ಡ್ಯೂಕ್ಸ್ ಇತ್ತು. ಹಳೇ ಮುಂಬೈಯ ವ್ಯಾಪಾರಿ ಡೈರೆಕ್ಟರಿಗಳು ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿವೆ. ಅದರಲ್ಲಿ ಅಂಗಡಿಯ ಹೆಸರು ಯಾವ ವರ್ಷ ಮೊದಲ ಸಲ ಬಂತು, ಯಾವ ವರ್ಷ ಇಲ್ಲವಾಯಿತು ಅಂತ ನೋಡಿದರೆ ನಿಮ್ಮ ಬಾಟಲಿ ಆ ಎರಡರ ಮಧ್ಯೆ ಬಂದು ಕೂರುತ್ತದೆ. ಗಾಜು ಹತ್ತಿರದಲ್ಲೇ ಆಗಿದ್ದೂ ಇರಬಹುದು. ತಳೇಗಾಂವದ ಪೈಸಾ ಫಂಡ್ ಕಾರ್ಖಾನೆ 1908ರದು, ಕರಾಡ ಹತ್ತಿರದ ಓಗಲೆ ಕಾರ್ಖಾನೆ 1916ರದು. ಪ್ರಭಾಕರ ಕಂದೀಲು ಅಂತ ಅಜ್ಜಿ ಹೇಳಿದ್ದು ನೆನಪಿದ್ದರೆ, ಅದು ಆ ಓಗಲೆಯವರದೇ.

ಲೇಬಲ್ ಅಥವಾ ಅಚ್ಚಿನ ಮೇಲಿನ ಸಣ್ಣ ಅಕ್ಷರಗಳು ದೊಡ್ಡ ಹೆಸರಿಗಿಂತ ಜಾಸ್ತಿ ಸತ್ಯ ಹೇಳುತ್ತವೆ. ಔನ್ಸ್ ಅಂತ ಇದ್ದರೆ ಸುಮಾರು 1960ಕ್ಕಿಂತ ಹಿಂದಿನದು, ಮಿಲಿಲೀಟರ್ ಇದ್ದರೆ ಆಮೇಲಿನದು. ಮೆಟ್ರಿಕ್ ಅಳತೆ ನಮ್ಮಲ್ಲಿ 1958ರಿಂದ 1962ರ ಹೊತ್ತಿಗೆ ಕಡ್ಡಾಯವಾಯಿತು. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಮೊದಲಿನದು ಅನ್ನಿ. ಕಂಪನಿ ಹೆಸರಿನ ಕೊನೆಗೆ ಬರೀ ಲಿಮಿಟೆಡ್ ಅಲ್ಲದೆ ಪ್ರೈವೇಟ್ ಲಿಮಿಟೆಡ್ ಅಂತ ಇದ್ದರೆ 1956ರ ಕಾಯ್ದೆಯ ನಂತರದ್ದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟ್ 15ರ ಮೇಲಿನದು, ಅಲ್ಲಿಗೆ ಪ್ರಾಚೀನ ವಸ್ತುವಿನ ಆಸೆ ಬಿಡಿ. ಔಷಧಿ ಬಾಟಲಿಯ ಬದಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ, ಅಥವಾ ಅದರ ಅಂಟಿನ ನೆರಳು ಕಂಡರೆ ಅದು ಮಿಕ್ಸ್ಚರ್ ಬಾಟಲಿ. ಕಾಂಪೌಂಡರ್ ಅಂಟಿಸಿಕೊಡುತ್ತಿದ್ದ ಪಟ್ಟಿ ಅದು, ಒಂದು ಹಲ್ಲು ಒಂದು ಡೋಸ್. ಅಂಥದ್ದನ್ನು ನೀರಿಗೆ ತೋರಿಸಲೂಬೇಡಿ.

ನೀಲಿ ಬಾಟಲಿ ವಿಷದ್ದು. ಆರು ಮೂಲೆ, ಗೀರು ಎರಡೂ ಸುಮ್ನೆ ಚಂದಕ್ಕಲ್ಲ. ಕರೆಂಟಿಲ್ಲದ ಕಾಲದಲ್ಲಿ ರಾತ್ರಿ ಕತ್ತಲಲ್ಲಿ ಕೆಮ್ಮಿನ ಔಷಧಿ ಅಂತ ಕೈಹಾಕಿದವರಿಗೆ ಬೆರಳಿಗೇ ಗೊತ್ತಾಗಲಿ ಅಂತ ಹಾಗೆ ಮಾಡಿದ್ದು. ಒಂದು ಮುಖದ ಮೇಲೆ ‘ನಾಟ್ ಟು ಬಿ ಟೇಕನ್’ ಅಂತ ಇಂಗ್ಲಿಷಿನಲ್ಲಿ ಇರಬಹುದು, ನೋಡಿ. ನೀಲಿ ಬರುವುದು ಕೋಬಾಲ್ಟ್‌ನಿಂದ. ತೊಳೆಯುವಾಗ ಕೈಗವಸು ಹಾಕಿ, ತೊಳೆದ ನೀರನ್ನು ತೋಟಕ್ಕೆ ಹಾಕಬೇಡಿ.

ಚೌಕದ ಕಪ್ಪು ಬಾಟಲಿಯನ್ನು ಬಿಸಿಲಿಗೆ ಹಿಡಿಯಿರಿ. ಕಪ್ಪಲ್ಲ, ದಟ್ಟ ಹಸಿರು. ಮೇಲೆ ಅಗಲ, ಕೆಳಗೆ ಸ್ವಲ್ಪ ಕಿರಿದಾಗಿದ್ದರೆ ಡಚ್ಚರ ಜಿನ್ ಬಾಟಲಿಯ ಮಾದರಿ. ಮರದ ಪೆಟ್ಟಿಗೆಯಲ್ಲಿ ಜಾಗ ಹಾಳಾಗದಂತೆ ಒತ್ತೊತ್ತಾಗಿ ಕೂರಲಿ ಅಂತ ಚೌಕ. ತಳದ ನಡುವೆ ಒರಟಾದ ಗಾಯದಂಥ ಗುರುತಿದ್ದರೆ ಇನ್ನೂ ಹಳೆಯದು. ಊದಿದ ಬಾಟಲಿಯನ್ನು ಕಬ್ಬಿಣದ ಸಲಾಕೆಗೆ ಅಂಟಿಸಿ ಹಿಡಿದು ಬಾಯಿ ಮಾಡುತ್ತಿದ್ದ ಕಾಲದ್ದು ಅದು. 1860ರ ಹೊತ್ತಿಗೆ ಆ ಪದ್ಧತಿ ಬಹುಮಟ್ಟಿಗೆ ನಿಂತಿತ್ತು. ಜಿನ್ ಬಾಟಲಿ ಗೊಬ್ಬರಗುಂಡಿಗೆ ಹೇಗೆ ಬಂತು ಅಂತ ಕೇಳುತ್ತೀರಾ? ಖಾಲಿ ಸೀಸೆಯನ್ನು ಯಾರೂ ಎಸೆಯುತ್ತಿರಲಿಲ್ಲ, ಎಣ್ಣೆಗೋ ಜೇನಿಗೋ ಐವತ್ತು ವರ್ಷ ದುಡಿದು ಆಮೇಲೆ ಗುಂಡಿ ಸೇರಿರಬಹುದು. ಇನ್ನೊಂದು ದಾರಿಯೂ ಇದೆ. ಮುಂಬೈ ರಾಜ್ಯದಲ್ಲಿ 1950ರಿಂದ ಪೂರ್ತಿ ಪಾನನಿರೋಧ, ನಾವೂ ಅದರೊಳಗೇ ಇದ್ದೆವು. ಗಡಿಯಾಚೆ ಗೋವಾದಲ್ಲಿ ಪೋರ್ಚುಗೀಸರ ಆಳ್ವಿಕೆ, ಎಲ್ಲ ಮುಕ್ತ. ಆಗ ಬಾಟಲಿ ಅಡಗಿಸಲು ಗೊಬ್ಬರಗುಂಡಿಗಿಂತ ಒಳ್ಳೆ ಜಾಗ ಯಾವುದಿತ್ತು ಹೇಳಿ? ನಿಮ್ಮ ಅಜ್ಜನ ಬಗ್ಗೆ ಹೇಳುತ್ತಿಲ್ಲ.

ಸರಿ, ಈಗ ತೊಳೆಯೋಣ.

ಮೊದಲು ನಿಮ್ಮ ಕುದಿನೀರಿನ ಕಥೆ. ಗೋಲಿ ಬಾಟಲಿ ಗ್ಯಾಸಿನ ಒತ್ತಡ ತಡೆಯಲಿ ಅಂತ ದಪ್ಪ ಗಾಜಿನದು. ದಪ್ಪ ಗಾಜಿನ ಹೊರಮೈ ಬಿಸಿಯಾಗಿ ಹಿಗ್ಗುವಾಗ ಒಳಗಿನದು ಇನ್ನೂ ತಣ್ಣಗೇ ಇರುತ್ತದೆ. ಎಳೆದಾಟದಲ್ಲಿ ಒಡೆಯುತ್ತದೆ. ಹಳೇ ಬಾಟಲಿಯಲ್ಲಿ ಕಾಣದ ಬಿರುಕು ಬೇರೆ ಇರುತ್ತದೆ. ಹಾಗಾಗಿ ನೀರು ಯಾವಾಗಲೂ ಬಾಟಲಿಯಷ್ಟೇ ಬಿಸಿ ಇರಲಿ, ಅಂದರೆ ಮನೆಯೊಳಗಿನ ತಣ್ಣೀರು. ಜಾಸ್ತಿ ಅಂದರೆ ಉಗುರುಬೆಚ್ಚಗೆ. ಬಿಸಿಲಿನಲ್ಲಿಟ್ಟ ಬಾಟಲಿಗೆ ಬಾವಿ ನೀರು ಸುರಿಯೋದೂ ಅದೇ ತಪ್ಪು.

ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ಹಳೇ ಟವೆಲ್ ಹಾಸಿ. ಬರೀ ನೀರಿನಲ್ಲಿ ಎರಡು ಮೂರು ದಿನ ನೆನೆಯಲಿ, ದಿನಾ ನೀರು ಬದಲಿಸಿ. ನಮ್ಮ ಕೆಂಪು ಮಣ್ಣು ಅರ್ಧ ಅದರಲ್ಲೇ ಬಿಡುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ನಾನು ಅಂಟುವಾಳದ ನೀರನ್ನೇ ಬಳಸುತ್ತೇನೆ, ಅಭ್ಯಾಸ ಅಷ್ಟೇ. ಹೊರಗೆ ಮೆತ್ತನೆ ಬ್ರಷ್ ಸಾಕು. ಒಳಗಡೆಗೆ ಒಂದು ಹಿಡಿ ಅಕ್ಕಿ, ಅರ್ಧ ಬಾಟಲಿ ಸೋಪಿನ ನೀರು ಹಾಕಿ, ಬಾಯಿಗೆ ಅಂಗೈ ಒತ್ತಿ ಕುಲುಕಿ. ಮರಳು ಹಾಕಬೇಡಿ. ನಮ್ಮಲ್ಲಿ ಮರಳು ಬಿಟ್ಟಿ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಮರಳು ಗಾಜಿಗಿಂತ ಗಟ್ಟಿ, ಗೀರು ಬಿದ್ದೇ ಬೀಳುತ್ತದೆ. ಪುಡಿ ಮಾಡಿದ ಮೊಟ್ಟೆಚಿಪ್ಪು ಗಾಜಿಗಿಂತ ಮೆತ್ತಗೆ, ಅದು ಆಗಬಹುದು. ಸ್ಟೀಲ್ ಉಜ್ಜು ಬೇಡ. ತಂತಿ ತುದಿಯ ಬಾಟಲಿ ಬ್ರಷ್ಷಿನ ಆ ಚೂಪು ತುದಿಗೆ ಬಟ್ಟೆ ಸುತ್ತಿಕೊಳ್ಳಿ.

ತುಕ್ಕಿನ ಕಲೆ, ಸುಣ್ಣದ ಪದರ ಉಳಿದರೆ ನಿಂಬೆ ಉಪ್ಪು, ಅಂದರೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಪುಡಿ. ಒಂದು ಲೀಟರ್ ನೀರಿಗೆ ಎರಡು ಚಮಚ, ಒಂದು ರಾತ್ರಿ. ಬಿಂಬಲಿ ಹಣ್ಣಿನ ರಸವೂ ನಡೆಯುತ್ತದೆ, ಕಲೆ ಹೋಗಲು ಒಂದೆರಡು ದಿನ ಹೆಚ್ಚು ಬೇಕು ಅಷ್ಟೇ. ಶಿರಸಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಸಿಗುವ ಬಾಟಲಿಯೊಳಗೆ ನೀಲಿಹಸಿರು ಪುಡಿ ಕಟ್ಟಿರುತ್ತದೆ. ಅದು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಮೈಲುತುತ್ತ, ಇದಕ್ಕೂ ನಿಂಬೆ ಉಪ್ಪೇ ಮದ್ದು. ಆ ನೀರು ದನದ ಬಾನಿಗೆ ಹೋಗದಂತೆ ನೋಡಿಕೊಳ್ಳಿ. ಬಣ್ಣದಲ್ಲಿ ಪ್ರಿಂಟ್ ಮಾಡಿದ ಅಕ್ಷರದ ಸೋಡಾ ಬಾಟಲಿಗಳಿಗೆ ಮಾತ್ರ ಯಾವ ಹುಳಿಯೂ ಬೇಡ, ಬಣ್ಣ ಏಳುತ್ತದೆ. ಟಾಯ್ಲೆಟ್ ಆಸಿಡ್ ಮನೆಯಿಂದ ಆಚೆ ಇಡಿ. ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಬಚ್ಚಲಿನಂಥ ಸಣ್ಣ ಜಾಗದಲ್ಲಿ ಅದು ಜೀವಕ್ಕೇ ಕುತ್ತು.

ನಿಮ್ಮ ಬಿಳಿ ಪೊರೆಗೆ ಬರೋಣ. ಬಾಟಲಿಯನ್ನು ನೆನೆಸಿದಾಗ ಪೊರೆ ಮಾಯ, ಒಣಗಿದ ಕೂಡಲೇ ವಾಪಸ್. ಹಾಗೇ ತಾನೇ ಆಗುತ್ತಿರೋದು? ಇಷ್ಟು ಆಸಿಡ್ ಹಾಕಿದ ಮೇಲೂ ಹೀಗಾದರೆ ಅದು ಕೊಳೆ ಅಲ್ಲ, ಗಾಜೇ ಸವೆದದ್ದು. ಗಾಜಿನಲ್ಲಿ ಮರಳು, ಸುಣ್ಣದ ಜೊತೆ ಸೋಡಾ ಅಂಶ ಇರುತ್ತದೆ. ವರ್ಷಗಟ್ಟಲೆ ನೀರಿನಲ್ಲಿ ನೆನೆದರೆ ನೀರು ಆ ಸೋಡಾವನ್ನು ಎಳೆದುಕೊಳ್ಳುತ್ತದೆ, ಮೇಲೆ ಈರುಳ್ಳಿ ಸಿಪ್ಪೆಯಂಥ ತೆಳುಪದರ ಉಳಿಯುತ್ತದೆ. ಕೆಲವದರಲ್ಲಿ ಅದೇ ಪದರ ಕಾಮನಬಿಲ್ಲಿನ ಬಣ್ಣ ಕೊಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ, ಅದರಲ್ಲೂ ಗಂಜಲ ಇಳಿಯುವ ಗುಂಡಿಯಲ್ಲಿ ಗಾಜು ಇಷ್ಟು ಉಳಿದದ್ದೇ ದೊಡ್ಡದು. ಇದನ್ನು ಯಾವ ಪುಡಿಯೂ ತೆಗೆಯುವುದಿಲ್ಲ. ತಾಮ್ರದ ಚೂರು, ಪಾಲಿಶ್ ಪುಡಿ ಹಾಕಿ ದಿನಗಟ್ಟಲೆ ತಿರುಗಿಸುವ ಯಂತ್ರಗಳಿವೆ. ಹೊಳಪು ಬರುತ್ತದೆ, ಆದರೆ ಉಬ್ಬಕ್ಷರದ ಅಂಚೂ ಸವೆಯುತ್ತದೆ. ನನಗೆ ಆ ಕೆಲಸ ಇಷ್ಟವಿಲ್ಲ. ಎಣ್ಣೆ ಸವರಿದರೆ ಪೊರೆ ಮರೆಯಾಗುತ್ತದೆ, ಮಾರುವವರು ಹಾಗೇ ಮಾಡೋದು. ಕೊಳ್ಳುವಾಗ ಬಾಟಲಿ ಬೆರಳಿಗೆ ಜಿಡ್ಡು ಅನಿಸಿದರೆ ಹುಷಾರಾಗಿರಿ.

ಮಾಜಾಳಿ, ದೇವಬಾಗ ಕಡೆ ಸಮುದ್ರದ ದಂಡೆಯಲ್ಲಿ ಸಿಕ್ಕಿದ್ದಾದರೆ ಮಾತ್ರ ಸಿಹಿನೀರಿನಲ್ಲಿ ವಾರಗಟ್ಟಲೆ ನೆನೆಸಿ. ಉಪ್ಪು ಒಳಗೇ ಉಳಿದರೆ ಒಣಗಿದಾಗ ಹರಳಾಗಿ ಪದರ ಎಬ್ಬಿಸುತ್ತದೆ.

ಬೆಲೆ. ಬೇಜಾರು ಮಾಡಿಕೊಳ್ಳಬೇಡಿ, ಹನ್ನೊಂದು ಬಾಟಲಿಯಿಂದ ಪಾಯದ ಸಿಮೆಂಟಿನ ಖರ್ಚೂ ಹುಟ್ಟಲಿಕ್ಕಿಲ್ಲ. ಹೆಸರಿಲ್ಲದ ಔಷಧಿ ಬಾಟಲಿಗೆ ಗುಜರಿಯ ಬೆಲೆ. ಊರಿನ ಹೆಸರಿರುವ ಸೋಡಾ ಬಾಟಲಿಗೆ, ಕಾರವಾರ ಅಂತಲೋ ಹುಬ್ಬಳ್ಳಿ ಅಂತಲೋ ಇದ್ದರೆ, ಕೂಡಿಡುವವರು ಕೇಳಿಕೊಂಡು ಬರುತ್ತಾರೆ. ಮಾರುವ ಯೋಚನೆ ಇದ್ದರೆ ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು ಅನಿಸಿಕೊಳ್ಳಬಹುದು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಹೊರದೇಶಕ್ಕೆ ನಾವು ನೀವು ಕಳಿಸುವಂತಿಲ್ಲ. ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವ ಕಾಯ್ದೆಯೂ ಇದೆ. ಚೂರುಗಳ ಜೊತೆ ನಾಣ್ಯ ಸಿಕ್ಕಿದ್ದರೆ ಅದು ನೆನಪಿರಲಿ. ಬಾಟಲಿಯ ರುಚಿ ಹತ್ತಿತು ಅಂತ ಮಿರ್ಜಾನ ಕೋಟೆಯಂಥ ರಕ್ಷಿತ ಜಾಗದಲ್ಲಿ ಕೆದಕಲು ಹೋಗಬೇಡಿ. ತೊಳೆದ ಬಾಟಲಿಗೆ ಉಪ್ಪಿನಕಾಯಿ ತುಂಬುವುದೂ ಬೇಡ, ಮೊದಲು ಅದರಲ್ಲಿ ಏನಿತ್ತೋ ಯಾರಿಗೆ ಗೊತ್ತು.

ಕೊನೆಯದಾಗಿ, ಆ ಒಡೆದ ಗೋಲಿ ಬಾಟಲಿಯ ಚೂರು ಎಸೆದಿಲ್ಲ ತಾನೇ? ಕೊರಳಿನ ತುಂಡು ಹುಡುಕಿ. ಒಂದು ಬದಿಯಲ್ಲಿ ಹೊರಗಿನಿಂದ ಒತ್ತಿದಂಥ ಎರಡು ಕುಳಿ ಕಾಣುತ್ತವೆ. ಸೋಡಾ ಬಗ್ಗಿಸುವಾಗ ಆ ಬದಿ ಕೆಳಗಿರಬೇಕು. ಆಗ ಗೋಲಿ ಕುಳಿಗೆ ಸಿಕ್ಕಿಕೊಂಡು ನಿಲ್ಲುತ್ತದೆ, ಇಲ್ಲದಿದ್ದರೆ ಉರುಳಿ ಬಂದು ಬಾಯಿ ಮುಚ್ಚುತ್ತದೆ. ಬಾಯಿಯ ಒಳಗಿನ ತೋಡಿನಲ್ಲಿ ಕಪ್ಪಗೆ ಗಟ್ಟಿಯಾದ ರಬ್ಬರಿನ ಉಳಿಕೆಯೂ ಇರಬಹುದು. ಇಡೀ ಬಾಟಲಿಯಲ್ಲಿ ಇದೆಲ್ಲ ಸರಿಯಾಗಿ ಕಾಣುವುದಿಲ್ಲ. ಹಿಂದೆ ಮಕ್ಕಳು ಗೋಲಿಯ ಆಸೆಗೆ ಇವನ್ನು ಒಡೆದು ಒಡೆದೇ ಮುಗಿಸಿದರು, ಉಳಿದ ಮೂರನ್ನು ನಿಮ್ಮ ಮನೆಯ ಮಕ್ಕಳಿಂದ ಕಾಪಾಡಿ. ತಳದ ಚೂರಿನ ಮೇಲೆ ಅಕ್ಷರವೋ ಅಂಕಿಯೋ ಇದ್ದರೆ ಪೆನ್ಸಿಲ್ ತಿಕ್ಕಿದ ಕಾಗದದ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ.